ಮೋಟಾರಿನ ಕಿವಿ

ಉಗಾದಿ ಮುಗಿದು ಎಂಟನೆಯ ದಿನ, ಮುಂಜಾನೆ ಒಂಬತ್ತರ ಹೊತ್ತು. ದಾಂಡೇಲಿಯ ಸುತ್ತಲಿನ ತೇಗದ ಮರಗಳೆಲ್ಲ ಎಲೆ ಉದುರಿಸಿ ಬತ್ತಲೆ ನಿಂತಿದ್ದವು. ನಮ್ಮ ಕಟ್ಟಿಗೆ ಡಿಪೋದಲ್ಲಿ ನೆರಳೆಂದರೆ ದಿಮ್ಮಿಗಳ ರಾಶಿಯ ನೆರಳು, ಅಷ್ಟೇ. ಅಂಥ ಹೊತ್ತಿನಲ್ಲಿ ಸಾಹುಕಾರ ಈಶಪ್ಪನವರ ಹೊಸ ಮೋಟಾರು ಡಿಪೋದ ಬಾಗಿಲಿಗೆ ಬಂದು ನಿಂತಿತು. ಹೊಸದು ಎಂದರೆ ಅವರಿಗೆ ಹೊಸದು. ಕಾಗದದ ಕಾರ್ಖಾನೆಗೆ ಯಂತ್ರ ಕೂಡಿಸಲು ಬಂದಿದ್ದ ಒಬ್ಬ ಬಿಳಿ ಸಾಹೇಬ ತನ್ನ ದೇಶಕ್ಕೆ ಮರಳುವಾಗ ಮಾರಿಹೋದ ಗಾಡಿ ಅದು. ಅರವತ್ತೊಂದನೆಯ ಇಸವಿ.

ನಾನು ಆ ಡಿಪೋದಲ್ಲಿ ದಿಮ್ಮಿ ಅಳೆದು ಸುಣ್ಣದಿಂದ ಗುರುತು ಹಾಕುವವನು. ಮೋಟಾರಿಗೆ ಡ್ರೈವರ್ ಎಂದು ಆರಿಸಿದ್ದು ನಮ್ಮ ಲಾರಿ ಹೊಡೆಯುತ್ತಿದ್ದ ಸೋಮಪ್ಪನನ್ನು. ಸೋಮಪ್ಪ ಒಳ್ಳೆಯ ಮನುಷ್ಯ. ಅವನಲ್ಲಿ ಇದ್ದದ್ದು ಒಂದೇ ಕೊರತೆ, ಅದನ್ನು ಬಲ್ಲವರು ಇಬ್ಬರೇ: ಅವನ ಹೆಂಡತಿ ಗುರುಬಸವ್ವ ಮತ್ತು ನಾನು. ಹನ್ನೆರಡು ವರ್ಷದ ಹಿಂದೆ ಜೋಯಿಡಾ ಕಡೆ ರಸ್ತೆಗೆ ಬಂಡೆ ಒಡೆಯುವಾಗ ಮದ್ದು ಹೊತ್ತಿಗೆ ಮುಂಚೆ ಸಿಡಿದು ಅವನ ಬಲಗಿವಿ ಹೋಗಿತ್ತು. ಎಡಗಿವಿ ಇತ್ತು, ಅದೂ ಅರ್ಧ ಹೊಟ್ಟೆ ಉಂಡವರ ಹಾಗೆ, ಎದುರಿಗಿದ್ದವರ ಮಾತನ್ನಷ್ಟೇ ಹಿಡಿಯುತ್ತಿತ್ತು.

ಲಾರಿಯಲ್ಲಿ ಇದರಿಂದ ಏನೂ ತೊಂದರೆ ಇರಲಿಲ್ಲ. ಡ್ರೈವರ್ ಕೂಡುವುದು ಬಲಕ್ಕೆ, ಉಳಿದವರೆಲ್ಲ ಅವನ ಎಡಕ್ಕೆ. ಬಲಗಿವಿಯ ಕಡೆ ಇದ್ದದ್ದು ಕಾಡು. ಕಾಡು ಮಾತಾಡಿಸಿದರೆ ಉತ್ತರ ಕೊಡಲೇಬೇಕೆಂದೇನೂ ಇಲ್ಲ. ಹಿಂದಿನಿಂದ ಬೇರೆ ಗಾಡಿ ಹಾರ್ನ್ ಹೊಡೆದರೆ ಪಕ್ಕದಲ್ಲಿ ಕೂತ ನಾನು ಅವನ ತೊಡೆಯನ್ನು ಒಮ್ಮೆ ಒತ್ತುತ್ತಿದ್ದೆ. ಒತ್ತಿದರೆ ದಾರಿ ಬಿಡಬೇಕು, ಅದು ನಮ್ಮ ಕಟ್ಟಳೆ. ಹೀಗೆ ಇಬ್ಬರು ಮನುಷ್ಯರಿಗೆ ಮೂರು ಕಿವಿ ಸಾಕಾಗಿ ಬದುಕು ನಡೆದಿತ್ತು.

ಆದರೆ ಮೋಟಾರಿನಲ್ಲಿ ಸಾಹುಕಾರರು ಹಿಂದೆ ಕೂತರು. ಅದೂ ಬಲಗಡೆಯ ಮೂಲೆಗೆ. ಬಿಳಿ ಸಾಹೇಬ ಅಲ್ಲೇ ಕೂಡುತ್ತಿದ್ದನೆಂದು ಯಾರೋ ಅವರಿಗೆ ಹೇಳಿದ್ದರು. ಸೋಮಪ್ಪನ ಸತ್ತ ಕಿವಿಗೆ ಸರಿಯಾಗಿ ಹಿಂದೆ!

ಗುರುಬಸವ್ವ ಅಂದು ಮುಂಜಾನೆಯೇ ನನ್ನ ಹತ್ತಿರ ಬಂದು ಹೇಳಿದ್ದಳು: "ದುರ್ಗಪ್ಪಣ್ಣಾರ, ರಾತ್ರಿ ಪಹರೇ ಮಹಾಂತಪ್ಪಗ ಇರುಳುಗಣ್ಣು ಅಂತ ಗೊತ್ತಾದ ದಿನಾನ ಸಾವಕಾರ್ರು ಕೆಲಸಾ ಬಿಡಿಸ್ಯಾರ. ಇವ್ರ ಕಿವಿ ಗೊತ್ತಾತಂದ್ರ ನಮ್ಮ ಗಂಟು ಹೊರಗ. ನೀವು ಒಂದೀಟು ನೋಡ್ಕೋರಿ."

ನಾನು ನೋಡಿಕೊಳ್ಳುತ್ತೇನೆ ಎಂದೆ. ನೋಡಿಕೊಂಡದ್ದು ಹೀಗೆ.

ಮೋಟಾರಿನ ಮುಂದಿನ ಹಲಗೆಯಲ್ಲಿ ಬಲಕ್ಕೆ ಒಂದು ಕೆಂಪು ಗುಂಡಿ ಇತ್ತು. ಲಾರಿಯಲ್ಲಿ ಕೂತ ಹಾಗೆಯೇ ನಾನು ಸೋಮಪ್ಪನ ಎಡಕ್ಕೆ ಕೂತಿದ್ದೆ. ಗಾಡಿ ಎರಡು ಫರ್ಲಾಂಗು ಹೋಗಿರಲಿಕ್ಕಿಲ್ಲ, ಹಿಂದಿನಿಂದ ಸಾಹುಕಾರರು ಅಂದರು:

"ಸೋಮಪ್ಪ, ಆ ಕೆಂಪು ಗುಂಡಿ ಮುಟ್ಟಬ್ಯಾಡ ಅಂದಾನ ಸಾಹೇಬ."

ಸೋಮಪ್ಪನಿಗೆ ಕೇಳಿಸಿದ್ದು 'ಕೆಂಪು ಗುಂಡಿ' ಮತ್ತು 'ಸಾಹೇಬ'. ನಡುವಿನದನ್ನು ಅವನೇ ತುಂಬಿಕೊಂಡ. ಕೇಳಿಸದ ಮಾತಿಗೆಲ್ಲ 'ಹೌದ್ರಿ' ಎನ್ನುವುದು ಅವನ ರೂಢಿ. ಹೌದ್ರಿ ಎಂದವನೇ ಗುಂಡಿಯನ್ನು ಎಳೆದ. ಏನೂ ಆಗದ್ದು ಕಂಡು ತಿರುವಿದ. ಇನ್ನೂ ಏನೂ ಆಗಲಿಲ್ಲವೆಂದು, ಲಾರಿಯ ಸ್ಟೇರಿಂಗ್ ತಿರುವಿದ ಕೈಯಲ್ಲವೇ, ಇನ್ನೊಂದು ಸಲ ಗಟ್ಟಿಯಾಗಿ ತಿರುವಿದ. ಗುಂಡಿ ಮುರಿದು ಅವನ ಅಂಗೈಗೆ ಬಂತು. ಆಗ ಹಲಗೆಯ ಕೆಳಗೆ ಏನೋ ಒಂದು ಗರ್ರ್ ಎಂದು ತಿರುಗತೊಡಗಿತು. ನಮ್ಮ ಕಾಲ ಮೇಲೆ ಭಟ್ಟಿಯ ಬಾಯಿಯಿಂದ ಬಂದ ಹಾಗೆ ಬಿಸಿಗಾಳಿ ಬಂತು.

"ಏನೋ ಇದು?" ಎಂದು ಸಾಹುಕಾರರು ಕೂಗಿದರು. ಕೂಗಲೇಬೇಕಾಯಿತು, ಆ ಸಪ್ಪಳಕ್ಕೆ.

ಇದು ಸೋಮಪ್ಪನಿಗೆ ಚೊಕ್ಕ ಕೇಳಿಸಿತು. ಗೊತ್ತಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಮೊದಲ ದಿನವೇ ಗೊತ್ತಿಲ್ಲ ಎನ್ನುವ ಡ್ರೈವರ್ ಎಲ್ಲಿದ್ದಾನೆ?

"ವಿಲಾಯತಿ ಗಾಡ್ಯಾಗ ಇದು ಇರೂದ ಹಂಗ್ರೀ. ಥಂಡೀ ದೇಶದ ಗಾಡಿ. ಕಾಲು ಬೆಚ್ಚಗ ಮಾಡೂ ಯಂತ್ರ ಐತ್ರಿ ಒಳಗ."

ಊಹಿಸಿ ಹೇಳಿದ ಮಾತು. ಆದರೆ ನಿಜವೇ ಆಗಿತ್ತು. ಸೋಮಪ್ಪನ ಬಾಳಿನಲ್ಲಿ ಹೀಗೆ ಅಪರೂಪಕ್ಕೆ ಆಗುತ್ತಿತ್ತು, ಆದಾಗ ಉಪಯೋಗಕ್ಕೆ ಬರುತ್ತಿರಲಿಲ್ಲ.

"ಬೆಚ್ಚಗ ಸಾಕು, ಬಂದ್ ಮಾಡು!"

"ಬಂದ್ ಮಾಡೂದು ನನ್ನ ಕೈಯಾಗ ಐತ್ರಿ," ಎಂದು ಸೋಮಪ್ಪ ಮುರಿದ ಗುಂಡಿಯನ್ನು ತೋರಿಸಿದ.

ಗಾಡಿಯನ್ನು ಮಿಸ್ತ್ರಿ ಮುದಕಪ್ಪನ ಅಂಗಡಿಗೆ ಒಯ್ದೆವು. ಮುದಕಪ್ಪ ಯಂತ್ರದ ಹೆಸರುಗಳನ್ನು ಇಂಗ್ಲೀಷಿನಲ್ಲಿ ಕಲಿತವನಲ್ಲ. ಅವನ ಅಂಗಡಿಯಲ್ಲಿ ತಿರುವುವುದೆಲ್ಲ ಕಿವಿ, ಎಣ್ಣೆ ಸುರಿಯುವುದೆಲ್ಲ ಬಾಯಿ, ಸೋರುವುದೆಲ್ಲ ಮೂಗು. ಕಂದೀಲಿನ ಬತ್ತಿ ಏರಿಸುವ ಕೀಲಿಗೂ ಕಿವಿಯೇ, ನಳ ತಿರುವುವುದಕ್ಕೂ ಕಿವಿಯೇ. ಅವನು ಹಲಗೆಯ ಕೆಳಗೆ ಅಂಗಾತ ಮಲಗಿ, ಬೆವರು ಒರೆಸಿಕೊಳ್ಳುತ್ತ ಹೊರಗೆ ಬಂದ.

"ಏನಿಲ್ರಿ. ಎಂಜಿನ್ ನೀರು ಈ ಡಬ್ಬ್ಯಾಗ ಹಾದು ಹೊಕ್ಕೈತಿ, ಪಂಖ ಅದರ ಬಿಸಿ ನಿಮ್ಮ ಕಾಲಿಗೆ ಊದತೈತಿ. ಎಳದ್ರ ಪಂಖ, ತಿರುವಿದ್ರ ನೀರು. ಎಲ್ಲಾ ಗಟ್ಟಿ ಐತಿ. ಬಲಗಡೆ ಕಿವಿ ಕೆಟ್ಟೈತಿ, ಅಷ್ಟ."

ಬಲಗಡೆ ಕಿವಿ ಕೆಟ್ಟೈತಿ ಎಂದಾಗ ಸೋಮಪ್ಪನ ಮುಖದ ರಕ್ತವೆಲ್ಲ ಇಳಿದುಹೋಯಿತು. ನಾನು ಅವನ ತೊಡೆ ಒತ್ತಿದೆ. ಅವನು ಗಾಬರಿಯಲ್ಲಿ ಪಕ್ಕಕ್ಕೆ ಸರಿದು ಅಂಗಡಿಯ ಬಾಗಿಲಿಗೆ ದಾರಿ ಬಿಟ್ಟ.

"ಕಿವಿ ಸಿಗೂ ಮಟಾ ಪಂಖದ ತಂತಿ ಕಡದು ಬಿಡ್ಲ್ಯಾ?" ಎಂದ ಮುದಕಪ್ಪ.

ಸಾಹುಕಾರರು ಹೂಂ ಎನ್ನುವುದರಲ್ಲಿದ್ದರು. ಅಷ್ಟರಲ್ಲಿ ಸೋಮಪ್ಪ ಅಡ್ಡ ಬಂದ.

"ಬ್ಯಾಡ್ರೀ! ವಿಲಾಯತಿ ತಂತಿ. ಒಂದು ಕಡದ್ರ ಇನ್ನ್ಯಾವುದು ನಿಲ್ಲತೈತೋ! ಹೋದ ವರ್ಷ ಇಂವಾ ಲಾರೀದೊಂದು ತಂತಿ ಕಡದಾ, ಬ್ರೇಕ್ ಒತ್ತಿದ್ರ ಹಾರ್ನ್ ಹೊಡೀತಿತ್ತು."

ಅದು ನಡೆದ ಸಂಗತಿ, ಮುದಕಪ್ಪ ಇಕ್ಕಳ ಕೆಳಗಿಟ್ಟ. ಸಾಹುಕಾರರು ಸೋಮಪ್ಪನ ಕಾಳಜಿಯನ್ನು ಮೆಚ್ಚಿದರು. ನನಗೆ ಮಾತ್ರ ಇದರ ಮರ್ಮ ತಿಳಿಯಲಿಲ್ಲ. ಮರಳಿ ಡಿಪೋಗೆ ಬರುವಾಗ ತಿಳಿಯಿತು. ಆ ಗರ್ರ್ ಎನ್ನುವ ಸಪ್ಪಳದಲ್ಲಿ ಸಾಹುಕಾರರು ಪ್ರತಿ ಮಾತನ್ನೂ ಮುಂದಕ್ಕೆ ಬಾಗಿ, ಗಂಟಲು ಹರಿಯುವಂತೆ ಕೂಗಿ ಹೇಳುತ್ತಿದ್ದರು. ಸೋಮಪ್ಪ ಒಂದೊಂದಕ್ಕೂ ತಕ್ಕ ಉತ್ತರ ಕೊಡುತ್ತಿದ್ದ. ಪಂಖ ತಿರುಗುವ ತನಕ ಆ ಗಾಡಿಯಲ್ಲಿ ಎಲ್ಲರೂ ಕಿವುಡರೇ. ನಿಂತರೆ ಅವನೊಬ್ಬನೇ.

ಹೀಗೆ ಏಳು ದಿನ ಬಿಸಿಲಿನಲ್ಲಿ ನಾವು ಕಾಲು ಬೇಯಿಸಿಕೊಂಡೆವು. ಸಾಹುಕಾರರು ಹೆಗಲ ಚೌಕವನ್ನು ಒದ್ದೆ ಮಾಡಿ ಪಾದದ ಮೇಲೆ ಹಾಕಿಕೊಂಡು ಕೂಡುತ್ತಿದ್ದರು. ಡಿಪೋಗೆ ಬರುವುದರೊಳಗೆ ಅದು ಒಣಗಿ ಕಡಕಾಗಿರುತ್ತಿತ್ತು. ಒಮ್ಮೆ ಕೋಗಿಲಬನದಲ್ಲಿ ಅವರು ಗಾಡಿಯಿಂದ ಇಳಿದಾಗ ಅಂಗಿ, ಧೋತರ ಎಲ್ಲ ನೆನೆದು ಮೈಗೆ ಅಂಟಿದ್ದನ್ನು ನೋಡಿ ಫಾರೆಸ್ಟ್ ಗಾರ್ಡ್ ಓಡಿಬಂದ.

"ಸಾವಕಾರ್ರ, ಹೊಳ್ಯಾಗ ಬಿದ್ರೇನ್ರಿ?"

"ಇಲ್ಲೋ. ಮೋಟಾರಿನ್ಯಾಗ ಕುಂತಿದ್ದೆ."

ಗಾರ್ಡ್ ಮೋಟಾರಿನ ಕಡೆ ಬಹಳ ಹೊತ್ತು ನೋಡಿದ. ಆಮೇಲೆ ತನ್ನ ಸೈಕಲ್ಲಿನ ಕಡೆ ನೋಡಿದ. ಅವನಿಗೆ ಸಂತೋಷವಾದಂತೆ ಕಂಡಿತು.

ಮಾರನೆಯ ದಿನ ಸಾಹುಕಾರರು ಬಸ್ ಸ್ಟ್ಯಾಂಡಿಗೆ ಹೋಗಿ ಕಂಡಕ್ಟರ್ ಯಲ್ಲಪ್ಪನನ್ನು ಹಿಡಿದರು. ಯಲ್ಲಪ್ಪ ಹಳಿಯಾಳ, ಮುಂಡಗೋಡ ತಿರುಗುವವನು. ಏನು ಬೇಕೆಂದರೂ ಹುಡುಕಿ ತರುವವನು, ಯಾವ ಮಾತು ಕೊಟ್ಟರೂ ಬಡ್ಡಿ ಸಮೇತ ಮುಟ್ಟಿಸುವವನು. ಬಸ್ಸು ಹೊರಟು ನಿಂತಿತ್ತು, ಎಂಜಿನ್ ಗುಡುಗುತ್ತಿತ್ತು.

"ಯಲ್ಲಪ್ಪ, ನಮ್ಮ ಸೋಮಪ್ಪ ಹೊಡಿಯೂ ಗಾಡೀದು ಬಲಗಡೆ ಕಿವಿ ಕೆಟ್ಟೈತಿ! ಎಲ್ಲೆರೆ ಸಿಗತೈತೇನು ನೋಡು!"

ಯಲ್ಲಪ್ಪನಿಗೆ 'ಗಾಡೀದು' ಎಂದದ್ದು ಕೇಳಿಸಲಿಲ್ಲ, ಉಳಿದದ್ದು ಕೇಳಿಸಿತು. ಹಳಿಯಾಳದ ಚಹಾದ ಅಂಗಡಿಯಲ್ಲಿ ಅವನು ಹೇಳಿದ ಮಾತು: "ದಾಂಡೇಲಿ ಸೋಮಪ್ಪಂದು ಬಲಗಿವಿ ಕೆಟ್ಟೈತಂತ. ಸಾವಕಾರ್ರ ಖುದ್ದ ಹೊಸಾ ಕಿವಿ ಹುಡುಕಾಕತ್ತಾರ." ಹಳಿಯಾಳದವರು ಮರುಗಿದರು. ಮುಂಡಗೋಡ ಮುಟ್ಟುವಷ್ಟರಲ್ಲಿ ಸೋಮಪ್ಪನ ಎರಡೂ ಕಿವಿ ಹೋಗಿದ್ದವು. ಸಂಜೆಯ ಬಸ್ಸಿಗೆ ಸುದ್ದಿ ದಾಂಡೇಲಿಗೆ ಮರಳಿ ಬಂದಾಗ ಅವನು ಮಾತು ಕೂಡ ಕಳೆದುಕೊಂಡಿದ್ದ.

ಮರುದಿನ ಮುಂಜಾನೆ ಸೋಮಪ್ಪನ ಅಂಗಳದಲ್ಲಿ ಮಂದಿ. ಪಕ್ಕದ ಮನೆಯ ಮಹಾದೇವಕ್ಕ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಹಿಡಿದು ನಿಂತಿದ್ದಳು.

"ಸೋಮಣ್ಣಾ! ಎರಡು ಹನೀ! ಬೆಚ್ಚಗ ಐತೀ!" ಎಂದು ಅವಳು ಕೂಗಿದ ಕೂಗಿಗೆ ಮರದ ಮೇಲಿನ ಕಾಗೆಗಳು ಎದ್ದವು.

ಹಿಂದಿನ ಓಣಿಯ ಮಾಲವ್ವ ಅವಳನ್ನು ಸರಿಸಿ, "ಬಳ್ಳೊಳ್ಳಿ ನಂಜು ಆಗತೈತೀ! ಆಡಿನ ಹಾಲೂ! ಆಡಿನ ಹಾಲು ಹಾಕ್ಬೇಕೂ!" ಎಂದಳು.

"ನಿನ್ನ ಗಂಡಗ ಹಾಕಿದ್ದಿಯಲ್ಲ, ಏನಾತು?"

"ನನ್ನ ಗಂಡಗ ಚೊಲೋ ಕೇಳತೈತೆವ್ವಾ. ಕೇಳಿದಂಗ ಮಾಡೂದಿಲ್ಲಷ್ಟ."

ಒಬ್ಬೊಬ್ಬರೂ ಅವನ ಮುಖಕ್ಕೆ ಮುಖ ಕೊಟ್ಟು, ಬಾಯಿ ಅಗಲಿಸಿ, ಬಿಡಿಸಿ ಬಿಡಿಸಿ ಮಾತಾಡಿದರು. ಹನ್ನೆರಡು ವರ್ಷದಲ್ಲಿ ಮೊದಲ ಸಲ ಓಣಿಯ ಮಾತೆಲ್ಲ ಸೋಮಪ್ಪನಿಗೆ ಕೇಳಿಸಿತು. ಅಷ್ಟು ವರ್ಷ ಯಾರ ಮಾತನ್ನೂ ಪೂರಾ ಕೇಳದೆ ಹೌದ್ರಿ ಎನ್ನುತ್ತ ಬಂದವನು, ಅಂದು ಎಲ್ಲರ ಮಾತನ್ನೂ ಪೂರಾ ಕೇಳಿ, ಇಲ್ರಿ ಇಲ್ರಿ ಎನ್ನುತ್ತಿದ್ದ. ಆ ಗದ್ದಲದ ನಡುವೆ ಅವನ ಕಣ್ಣಲ್ಲಿ ನೀರು ನಿಂತದ್ದನ್ನು ನಾನು ನೋಡಿದೆ. ಮಹಾದೇವಕ್ಕ ಅದನ್ನು ಕಿವಿಯ ನೋವು ಎಂದುಕೊಂಡಳು.

ಗುರುಬಸವ್ವ ನನ್ನನ್ನು ಹಿತ್ತಲಿಗೆ ಕರೆದಳು.

"ಅಣ್ಣಾರ, ನೀವ ಹೇಳಿದ್ರೇನು?"

"ನಾ ಯಾಕ ಹೇಳ್ಲೆವಾ? ಅದು ಗಾಡೀ ಕಿವಿ. ಸೋಮಪ್ಪಂದಲ್ಲ."

"ಗಾಡಿಗೆ ಎಲ್ಲೆರೆ ಕಿವಿ ಇರತೈತೇನ್ರಿ? ಸುಳ್ಳರೆ ನೆಟ್ಟಗ ಹೇಳ್ರಿ."

ಹಿತ್ತಲ ಬಾಗಿಲಿನಿಂದ ಒಳಗೆ ನೋಡಿದರೆ ಟ್ರಂಕು ತೆರೆದಿತ್ತು. ಎರಡು ಸೀರೆ, ಒಂದು ತಾಮ್ರದ ಚರಿಗೆ ಅದರೊಳಗೆ ಕೂತಾಗಿತ್ತು. ಸೋಮಪ್ಪ ಒಳಗೆ ಬಂದು ಟ್ರಂಕಿನ ಮುಚ್ಚಳ ಹಾಕಿ ಅದರ ಮೇಲೆ ಕೂತ. "ಅವ್ರು ಬಿಡಸೂಕಿಂತ ಮೊದಲ ನಾನ ಹೇಳಿಬಿಡ್ತೇನಿ, ದುರ್ಗಪ್ಪ. ಮಹಾಂತಪ್ಪನ ಹಂಗ ಎಲ್ಲಾರ ಮುಂದ ಬೈಸ್ಕೊಳ್ಳೂದು ಬ್ಯಾಡ," ಎಂದ. ನಾನು ಒಂದು ದಿನ ತಡಿ ಎಂದೆ. ಅದು ಅವನಿಗೆ ಕೇಳಿಸಿತೋ ಇಲ್ಲವೋ, ಹೌದು ಎಂದ.

ಅಂದು ಮಂಗಳವಾರ. ಮಧ್ಯಾಹ್ನದ ಬಸ್ಸಿಗೆ ಯಲ್ಲಪ್ಪನ ಜೊತೆ ತೇರಗಾಂವದ ಬಸಲಿಂಗಯ್ಯನವರು ಇಳಿದರು. ಕಿವಿಗೆ ಔಷಧ ಹಾಕುವುದರಲ್ಲಿ ಅವರು ಹೆಸರಾದವರು. ಯಾರೂ ಕರೆಯದಿದ್ದರೂ ಸುದ್ದಿ ಕೇಳಿ ತಾವಾಗಿ ಬಂದಿದ್ದರು. ಕೈಯಲ್ಲಿ ಎಣ್ಣೆಯ ಸೀಸೆ. ಡಿಪೋದ ಪಡಸಾಲೆಯಲ್ಲಿ ಸಾಹುಕಾರರು ಚೌಕದಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ಅಂಗಳದ ನೆರಳಿನಲ್ಲಿ ಮೋಟಾರು, ಅದರ ಪಕ್ಕ ಸೋಮಪ್ಪ.

"ಶರಣ್ರೀ ಸಾವಕಾರ್ರ. ಕಿವಿ ಕೆಟ್ಟೈತಂತಲ್ಲ?"

"ಬರ್ರಿ ಅಯ್ಯಾರ. ಅಲ್ಲಿ ನೆರಳಾಗ ನಿಂತೈತಿ ನೋಡ್ರಿ."

ಅಯ್ಯನವರು ಸೋಮಪ್ಪನ ಕಡೆ ನೋಡಿದರು. ನಿಂತೈತಿ ಎಂದದ್ದು ಅವರಿಗೆ ಸೇರಲಿಲ್ಲ. ಆದರೂ ಬಡವರ ಬಗ್ಗೆ ಸಾಹುಕಾರರು ಮಾತಾಡುವ ರೀತಿಯೇ ಹೀಗೆ ಎಂದು ಸುಮ್ಮನಾದರು.

"ಎಷ್ಟು ದಿನಾ ಆತು?"

"ಎಂಟು ದಿನಾ ಆಗಿರಬೇಕು."

"ಗರ್ ಅಂತ ಸಪ್ಪಳ ಬರತೈತೇನು?"

"ಅದನ್ನ ಕೇಳಬ್ಯಾಡ್ರಿ! ನಮಗೆಲ್ಲಾ ತಲೀ ಬ್ಯಾನಿ."

"ನಿಮಗೂ ಕೇಳಸ್ತೈತಿ?" ಅಯ್ಯನವರ ಹುಬ್ಬು ಏರಿತು. "ನೀರು ಗೀರು ಬರತೈತೇನು?"

"ನೀರು ಒಳಗ ಕುದೀತೈತಿ. ಹೊರಗ ಬರೇ ಬಿಸಿಗಾಳಿ. ಕಾಲ್ಕಡೆಯಿಂದ."

"ಕಾಲ್ಕಡೆಯಿಂದ!"

"ಮುದಕಪ್ಪ ಇಕ್ಕಳ ಹಾಕಿ ಕಿತ್ತ ಒಗದು ಹೊಸಾದು ಹಚ್ಚತೇನಿ ಅಂತಾನ್ರಿ."

"ಶಿವ ಶಿವಾ! ಸಾವಕಾರ್ರ, ಅಂವಾ ಮನುಷ್ಯಾ ಅಲ್ಲೇನು? ಹೆಂಡ್ರು ಮಕ್ಕಳು ಇಲ್ಲೇನು ಅವಗ?"

ಸೋಮಪ್ಪನಿಗೆ ಇಷ್ಟು ದೂರದ ಮಾತು ಕೇಳಿಸುವಂತಿರಲಿಲ್ಲ. ಅಯ್ಯನವರ ಕೈಯ ಸೀಸೆ ಕಂಡಿತ್ತು, ಅವರಿಬ್ಬರೂ ತನ್ನ ಕಡೆ ಬೆರಳು ಮಾಡಿ ಮಾತಾಡುವುದು ಕಂಡಿತ್ತು. ಅವನು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು ಮೆಟ್ಟಿಲ ಹತ್ತಿರ ಬಂದ.

"ಸಾವಕಾರ್ರ, ಮುಚ್ಚಿಟ್ಟದ್ದು ನನ್ನ ತಪ್ಪ್ರಿ. ಹನ್ನೆರಡು ವರ್ಷಾ ಆತ್ರಿ, ಈ ಕಿವಿ..."

"ಸಿಕ್ಕತು!" ಎಂದು ಮುದಕಪ್ಪ ಗೇಟಿನಿಂದಲೇ ಕೂಗುತ್ತ ಓಡಿ ಬಂದ, ಹಿಂದೆ ಯಲ್ಲಪ್ಪ. ಯಲ್ಲಪ್ಪ ಯಾವುದಕ್ಕೂ ಇರಲಿ ಎಂದು ಹಳಿಯಾಳದಿಂದ ಸಿಕ್ಕ ಕಿವಿಗಳನ್ನೆಲ್ಲ ತಂದಿದ್ದ: ಒಂದು ಕಡಾಯಿಯ ಕಿವಿ, ಒಂದು ಹಳೆಯ ಕಂದೀಲಿನ ಕಿವಿ. ಮುದಕಪ್ಪ ಕಂದೀಲಿನದನ್ನು ಎತ್ತಿ ಹಿಡಿದಿದ್ದ. "ಇದನ್ನ ಬೆಸದ್ರ ಮುಗೀತ್ರಿ! ಗಾಡೀ ಕಿವಿ ರೆಡಿ!"

"ಗಾಡೀ ಕಿವಿ?" ಎಂದರು ಅಯ್ಯನವರು.

"ಗಾಡೀ ಕಿವೀನ? ನಾ ಸೋಮಪ್ಪಂದಂತ ಮುಂಡಗೋಡ ತನಕಾ ಹೇಳಿ ಬಂದೇನಲ್ರಿ!" ಎಂದ ಯಲ್ಲಪ್ಪ.

ಸಾಹುಕಾರರು ಅಯ್ಯನವರ ಕೈಯ ಸೀಸೆ ನೋಡಿದರು. ಆಮೇಲೆ ಹೊಟ್ಟೆ ಹಿಡಿದು ನಕ್ಕರು. ಮುದಕಪ್ಪ ನಕ್ಕ, ಯಲ್ಲಪ್ಪ ನಕ್ಕ, ಹಮಾಲರೆಲ್ಲ ದಿಮ್ಮಿ ಕೆಳಗಿಟ್ಟು ನಕ್ಕರು. ಸೋಮಪ್ಪನೂ ನಕ್ಕ. ಎಲ್ಲರೂ ನಕ್ಕು ಮುಗಿಸಿದ ಮೇಲೆ, ಅವರ ಮುಖ ನೋಡಿ, ನಕ್ಕ. ಬಸಲಿಂಗಯ್ಯನವರು ಮಾತ್ರ ನಗಲಿಲ್ಲ. ಅವರು ಸೋಮಪ್ಪನನ್ನು ನೋಡುತ್ತಿದ್ದರು.

ಅಂದು ಸಂಜೆಯೊಳಗೆ ಮುದಕಪ್ಪ ಮುರಿದ ಕಡ್ಡಿಗೆ ಕಂದೀಲಿನ ಕಿವಿ ಬೆಸೆದ. ತಿರುವಿದ, ನೀರು ನಿಂತಿತು. ಒತ್ತಿದ, ಪಂಖ ನಿಂತಿತು. ಗಾಡಿಯೊಳಗೆ ಗುಡಿಯಂಥ ಮೌನ.

ಬುಧವಾರ ಮುಂಜಾನೆ ಸಾಹುಕಾರರು ಗಾಡಿಯ ಪರೀಕ್ಷೆಗೆಂದು ಕುಳಗಿಯ ಕ್ಯಾಂಪಿನ ತನಕ ಹೊರಟರು. ಅಯ್ಯನವರನ್ನೂ ಕೂಡಿಸಿಕೊಂಡರು. ಅವರಿಬ್ಬರೂ ಹಿಂದೆ, ನಾನು ಮುಂದೆ ಸೋಮಪ್ಪನ ಎಡಕ್ಕೆ. ಕಾಲಿಗೆ ಬಿಸಿಗಾಳಿ ಇರಲಿಲ್ಲ. ಸೋಮಪ್ಪನ ಹಣೆಯ ಮೇಲೆ ಆ ಏಳು ದಿನ ಬಾರದಷ್ಟು ಬೆವರು.

ಅರ್ಧ ದಾರಿಯಲ್ಲಿ ಸಾಹುಕಾರರು ಎಂದಿನ ದನಿಯಲ್ಲಿ ಅಂದರು: "ಸೋಮಪ್ಪ, ಇಲ್ಲಿ ಒಂದೀಟು ನಿಂದರ್ಸು."

ಗಾಡಿ ಹೋಗುತ್ತಲೇ ಇತ್ತು.

"ಸೋಮಪ್ಪ, ನಿಂದರ್ಸು ಅಂದೆ."

ನನಗೆ ಬೇರೆ ಏನೂ ತೋಚಲಿಲ್ಲ. ತೊಡೆ ಒತ್ತಿದೆ. ನಮ್ಮ ಕಟ್ಟಳೆಯಲ್ಲಿ ನಿಲ್ಲಿಸು ಎನ್ನುವುದಕ್ಕೆ ಒತ್ತು ಇರಲಿಲ್ಲ. ಸೋಮಪ್ಪ ಹಿಂದೆ ಲಾರಿ ಬಂತೆಂದು ತಿಳಿದು, ಗಾಡಿಯನ್ನು ಎಡಕ್ಕೆ ತೇಗದ ಎಲೆಯ ಮೇಲೆ ಇಳಿಸಿ, ಬಲಗೈ ಹೊರಗೆ ಹಾಕಿ, ಇಲ್ಲದ ಲಾರಿಗೆ ಬಹಳ ಮರ್ಯಾದೆಯಿಂದ ಮುಂದೆ ಹೋಗು ಎಂದು ಸನ್ನೆ ಮಾಡಿದ. ಖಾಲಿ ರಸ್ತೆ. ಒಂದು ಎಲೆ ಉರುಳಿಕೊಂಡು ಮುಂದೆ ಹೋಯಿತು.

"ಯಾರಿಗೋ ದಾರಿ ಬಿಟ್ಟಿ?" ಎಂದರು ಸಾಹುಕಾರರು.

"ಹೌದ್ರಿ."

"ಯಾರಿಗೆ?"

"ಹೌದ್ರಿ."

ನಾನು ಕಣ್ಣು ಮುಚ್ಚಿಕೊಂಡೆ. ಗುರುಬಸವ್ವನ ತಾಮ್ರದ ಚರಿಗೆ ನನ್ನ ಕಣ್ಣಿಗೆ ಕಟ್ಟಿತು.

"ದೇವರಿಗೆ ಬಿಟ್ಟಾನ್ರೀ," ಎಂದರು ಬಸಲಿಂಗಯ್ಯನವರು ಮೆಲ್ಲಗೆ. "ಆ ಮರದ ಬುಡಕ ಕುಂಕುಮ ಹಚ್ಚಿದ ಕಲ್ಲು ಐತಿ ನೋಡ್ರಿ. ಇಂಥಾ ಡ್ರೈವರ್ ಸಿಗೂದಿಲ್ಲ."

ಮರದ ಬುಡಕ್ಕೆ ಕಲ್ಲು ಇತ್ತು. ಕುಂಕುಮ ಇತ್ತೋ ಇಲ್ಲವೋ, ಸಾಹುಕಾರರು ಕೈ ಮುಗಿದರು. ನಾವೂ ಮುಗಿದೆವು. ನಮ್ಮನ್ನು ನೋಡಿ ಸೋಮಪ್ಪನೂ ಮುಗಿದ.

ಕುಳಗಿಯಲ್ಲಿ ಇಳಿದ ಮೇಲೆ ಅಯ್ಯನವರು ಮೋಟಾರನ್ನು ಒಂದು ಸುತ್ತು ಹಾಕಿ, ಸಾಹುಕಾರರ ನಾಡಿ ಹಿಡಿದರು.

"ನಿಮಗ ವಾಯು ಐತಿ ಸಾವಕಾರ್ರ. ಹಿಂದ ಕುಂತ್ರ ಕುಲುಕಿ ಕುಲುಕಿ ಏರತೈತಿ. ಇನ್ನ ಮುಂದಿನ ಸೀಟಿನ್ಯಾಗ, ಎಡಕ್ಕ ಕೂಡ್ರಿ. ಮಾತಾಡೂವಾಗ ಡ್ರೈವರ್ ಮುಖಾ ನೋಡಿ ಗಟ್ಯಾಗಿ ಮಾತಾಡ್ರಿ, ವಾಯು ಬಾಯಿಂದ ಹೊರಗ ಹೊಕ್ಕೈತಿ."

"ಅಷ್ಟನ?"

"ಗಾಡಿಗೂ ದೃಷ್ಟಿ ತಾಗೈತಿ. ಕೆಟ್ಟ ದೃಷ್ಟಿ ಹಿಂದಿಂದ ಬರೂದು. ಬಲಗಡೆ ಹೊರಗ ಒಂದು ಕನ್ನಡಿ ಹಚ್ಚಸ್ರಿ, ಹಿಂದಿನ ರಸ್ತೆ ಕಾಣೂ ಹಂಗ. ಡ್ರೈವರ್ ಗಳಿಗೆಗೊಮ್ಮೆ ಅದರಾಗ ನೋಡಬೇಕು."

ನಾನು ಅಯ್ಯನವರ ಮುಖ ನೋಡಿದೆ. ಅವರು ಮರದ ಮೇಲೆ ಏನೋ ಹಕ್ಕಿ ಹುಡುಕುತ್ತಿದ್ದರು.

ಅಂದೇ ಸಂಜೆ ಮುದಕಪ್ಪ ಕ್ಷೌರದ ಅಂಗಡಿಯಿಂದ ತಂದ ಒಂದು ದುಂಡು ಕನ್ನಡಿಯನ್ನು ಗಾಡಿಯ ಬಲಕ್ಕೆ ಬಿಗಿದ. ಅದನ್ನೂ ಅವನು ಕಿವಿ ಎಂದೇ ಕರೆದ. ಈ ಸಲ ಯಾರೂ ತಿದ್ದಲಿಲ್ಲ. ಗುರುಬಸವ್ವ ಟ್ರಂಕಿನಿಂದ ಚರಿಗೆ ಹೊರಗೆ ತೆಗೆದು, ಅದರಲ್ಲೇ ನನಗೆ ನೀರು ಕೊಟ್ಟಳು.

ಮರುದಿನ ಅಯ್ಯನವರನ್ನು ಬಸ್ಸಿಗೆ ಬಿಡಲು ಸಾಹುಕಾರರು ತಾವೇ ಹೊರಟರು. ಮುಂದಿನ ಬಾಗಿಲು ತೆಗೆದು ಎಡಕ್ಕೆ ಕೂತರು. ನಾನು ಹಿಂದೆ, ಬಿಳಿ ಸಾಹೇಬನ ಮೂಲೆಯಲ್ಲಿ, ಪಕ್ಕಕ್ಕೆ ಅಯ್ಯನವರು. ಸಾಹುಕಾರರು ಸೋಮಪ್ಪನ ಕಡೆ ಪೂರಾ ತಿರುಗಿ, "ಹೋಗೂಣು ಸೋಮಪ್ಪಾ!" ಎಂದು ಗಟ್ಟಿಯಾಗಿ ಅಂದರು.

"ಹೋಗೂಣ್ರಿ," ಎಂದ ಸೋಮಪ್ಪ. ಹೌದ್ರಿ ಎನ್ನಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಅಯ್ಯನವರು ಬಸ್ಸು ಹತ್ತಿದ ಮೇಲೆ ಸಾಹುಕಾರರು ನನ್ನನ್ನು ಹತ್ತಿರ ಕರೆದರು. ಸೋಮಪ್ಪ ದೂರದಲ್ಲಿ ಅಂಗಿಯ ಚುಂಗಿನಿಂದ ಕನ್ನಡಿ ಒರೆಸುತ್ತಿದ್ದ.

"ದುರ್ಗಪ್ಪ, ನನಗ ವಾಯು ಗೀಯು ಏನೂ ಇಲ್ಲ," ಎಂದರು, ಮೆಲ್ಲಗೆ. "ನಿನ್ನೆ ಅಂವಾ ದಾರಿ ಬಿಟ್ಟಾಗಿಂದ ಮಹಾಂತಪ್ಪ ನೆನಪಾಗಾಕತ್ತಾನ. ಅವಗೂ ಹಗಲಿಂದ ಏನರೆ ಕೆಲಸಾ ಕೊಡಬಹುದಿತ್ತು."

ನಾನು ಸೋಮಪ್ಪ ಒರೆಸುತ್ತಿದ್ದ ಕನ್ನಡಿಯ ಕಡೆ ನೋಡಿದೆ. ಕೇಳಿಸದವರ ಹಾಗೆ ನಿಂತೆ. ಅದು ಕೆಲವು ಸಲ ಒಳ್ಳೆಯದು ಎಂದು ಸೋಮಪ್ಪನಿಂದ ಕಲಿತಿದ್ದೆ. ವಾರದೊಳಗೆ ಮಹಾಂತಪ್ಪ ಡಿಪೋದ ಗೇಟಿನಲ್ಲಿ ಹಗಲು ಪಹರೆಗೆ ಬಂದು ಕೂತ.

ಬಸಲಿಂಗಯ್ಯನವರು ಹೋದದ್ದು ಗುರುವಾರ, ಮುಂಜಾನೆ ಎಂಟರ ಬಸ್ಸಿಗೆ, ತೇರಗಾಂವಕ್ಕೆ. ತಂದ ಎಣ್ಣೆಯ ಸೀಸೆಯ ಬಿರಡೆಯನ್ನು ಅವರು ತೆಗೆದೇ ಇರಲಿಲ್ಲ.